ಬೆನ್ ವಿವಿಸ್‌ನ ತಾಮ್ರ

ಸ್ಕಾಟ್ಲೆಂಡಿಗೆ ಹೋಗಿ ಬಂದೆ ಅಂದರೆ ಜನ ಕೇಳುವುದು ಎಡಿನ್‌ಬರೋ ಕೋಟೆಯ ವಿಷಯ, ಇಲ್ಲವೇ ಲಾಕ್ ನೆಸ್ ಸರೋವರದ ಆ ಪ್ರಾಣಿಯ ವಿಷಯ. ಕೋಟೆ ಚೆನ್ನಾಗಿದೆ, ಪ್ರಾಣಿ ಕಾಣಲಿಲ್ಲ ಎಂದು ಹೇಳಿ ಮಾತು ಮುಗಿಸುತ್ತೇನೆ. ಮನಸ್ಸು ಮಾತ್ರ ಹೋಗಿ ಹೋಗಿ ಇನ್ವರ್‌ಗಾರ್ಡನ್ ಎಂಬ ಬಂದರು ಊರಿನ ಒಂದು ಕಾರ್ಖಾನೆಯ ಬೇಲಿಯ ಹತ್ತಿರ ನಿಲ್ಲುತ್ತದೆ. ಆ ಬೇಲಿಯ ಒಳಗೆ ಒಂದು ಕಾಲಕ್ಕೆ ಬೆನ್ ವಿವಿಸ್ ಎಂಬ ವಿಸ್ಕಿ ಡಿಸ್ಟಿಲರಿ ಇತ್ತು. 1965ರಲ್ಲಿ ಶುರುವಾಯಿತು, 1977ರಲ್ಲಿ ಮುಚ್ಚಿತು. ಅಲ್ಲಿ ಇಳಿಸಿದ ವಿಸ್ಕಿಯ ಕೆಲವು ಪೀಪಾಯಿಗಳು ಆ ಡಿಸ್ಟಿಲರಿಗಿಂತ ಎರಡು ಪಟ್ಟು ಹೆಚ್ಚು ಕಾಲ ಬಾಳಿದವು.

ನಾನು ಕುಡಿಯುವವಳಲ್ಲ. ತುಮಕೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಗಾಜಿನ ಕಂಡೆನ್ಸರಿನಲ್ಲಿ ಹನಿ ಹನಿಯಾಗಿ ಇಳಿಯುವ ಆಲ್ಕೋಹಾಲನ್ನು ಎಷ್ಟು ತಂಡದ ಮಕ್ಕಳಿಗೆ ತೋರಿಸಿದ್ದೇನೋ ಲೆಕ್ಕವಿಲ್ಲ. ಮೂಸಿ ನೋಡಿ ಮುಸಿಮುಸಿ ನಗುತ್ತಿದ್ದ ಹುಡುಗರಿಗೆ ಬೈದದ್ದೂ ಉಂಟು. ತಂಗಿಯ ಮಗ ಇನ್ವರ್‌ನೆಸ್‌ನಲ್ಲಿ ಡಾಕ್ಟರು. ಮೇ ತಿಂಗಳಲ್ಲಿ ಅವನ ಮನೆಯಲ್ಲಿದ್ದಾಗ ಒಂದು ಸಂಜೆ ಅವನ ಹಿರಿಯ ಸಹೋದ್ಯೋಗಿ ಊಟಕ್ಕೆ ಬಂದರು. ನಿವೃತ್ತಿಯ ಅಂಚಿನಲ್ಲಿದ್ದ ಸ್ಕಾಟಿಷ್ ಮೂಳೆವೈದ್ಯರು. ಬಿಸಿಬೇಳೆಬಾತನ್ನು ಎರಡನೇ ಸಲ ಹಾಕಿಸಿಕೊಂಡು, ಮೂಗು ಒರೆಸಿಕೊಳ್ಳುತ್ತಾ, ಸತ್ತ ಡಿಸ್ಟಿಲರಿಗಳ ಕಥೆ ತೆಗೆದರು. ನಮ್ಮಲ್ಲಿ ಕೆಲವರು ಮುಳುಗಡೆಯಾದ ಊರುಗಳ ಬಗ್ಗೆ ಮಾತಾಡುವ ಅದೇ ದನಿ. ಪೋರ್ಟ್ ಎಲ್ಲೆನ್, ಬ್ರೋರಾ, ರೋಸ್‌ಬ್ಯಾಂಕ್ ಎಂದು ಹೆಸರು ಹೇಳುತ್ತಾ ಹೋದರು. ಕೊನೆಗೆ, "ಎಲ್ಲಕ್ಕಿಂತ ಸಿಗದಿರುವುದು ಇಲ್ಲೇ ಪಕ್ಕದ್ದು, ಬೆನ್ ವಿವಿಸ್" ಅಂದರು.

ಮರುದಿನ ಅದನ್ನು ನೋಡಬೇಕು ಎಂದೆ.

"ಅಲ್ಲಿ ನೋಡೋಕೆ ಏನೂ ಇಲ್ಲ, ದೊಡ್ಡಮ್ಮ. ಬರೀ ಫ್ಯಾಕ್ಟರಿ."

"ಏನೂ ಇಲ್ಲ ಅಂತ ಹೇಗಿರತ್ತೆ ಕಣೋ? ಅದನ್ನೇ ನೋಡ್ಕೊಂಡು ಬರೋಣ, ನಡಿ."

ಇನ್ವರ್‌ನೆಸ್‌ನಿಂದ ಉತ್ತರಕ್ಕೆ ಹೊರಟರೆ ರಸ್ತೆ ಎರಡು ಸಲ ಸಮುದ್ರದ ತೋಳನ್ನು ದಾಟುತ್ತದೆ. ಎರಡನೆಯ ಸೇತುವೆಯ ಪಕ್ಕ, ನೀರು ಇಳಿದ ಕೆಸರಿನ ಮೇಲೆ ಸೀಲ್‌ಗಳು ಬಿಸಿಲು ಕಾಯಿಸುತ್ತಾ ಬಿದ್ದಿದ್ದವು. ದಾರಿಯುದ್ದಕ್ಕೂ ಗೋರ್ಸ್ ಪೊದೆಗಳ ಹಳದಿ. ಎಡಗಡೆ ಬೆನ್ ವಿವಿಸ್ ಬೆಟ್ಟ. ಎತ್ತರ 1046 ಮೀಟರ್, ನಮ್ಮ ದೇವರಾಯನದುರ್ಗಕ್ಕಿಂತ ಕಡಿಮೆಯೇ. ಆದರೂ ಮೇ ಕೊನೆಯಲ್ಲಿ ಅದರ ನೆತ್ತಿಯ ಮಡಿಕೆಗಳಲ್ಲಿ ಹಿಮ ಉಳಿದಿತ್ತು. ಡಿಸ್ಟಿಲರಿಗೆ ಈ ಬೆಟ್ಟದ ಹೆಸರು. ಅದೇ ಹೆಸರು ಇನ್ನೊಂದಕ್ಕೂ ಇತ್ತು. 1879ರಲ್ಲಿ ಡಿಂಗ್‌ವಾಲ್ ಊರಲ್ಲಿ ಶುರುವಾದ ಹಳೆಯ ಬೆನ್ ವಿವಿಸ್, ಮುಂದೆ ಫೆರಿಂಟಾಷ್ ಎಂದು ಹೆಸರು ಬದಲಿಸಿಕೊಂಡು 1926ರಲ್ಲಿ ಮುಚ್ಚಿತು. ಆ ಬೆಟ್ಟದ ಹೆಸರು ಹೊತ್ತದ್ದು ಅಲ್ಲಿ ಎರಡು ಸಲ ಸತ್ತಿದೆ.

ಇನ್ವರ್‌ಗಾರ್ಡನ್ ಹೊಕ್ಕಾಗ ಮೊದಲು ಕಣ್ಣಿಗೆ ಬಿದ್ದದ್ದು ಕೊಲ್ಲಿಯಲ್ಲಿ ನಿಂತ ತೈಲಬಾವಿಯ ಕಟ್ಟೆಗಳು. ಕಬ್ಬಿಣದ ಕಾಲುಗಳನ್ನು ಮುಗಿಲಿಗೆ ಎತ್ತಿಕೊಂಡು ಕೆಲಸಕ್ಕಾಗಿ ಕಾಯುತ್ತಾ ನಿಂತಿದ್ದವು. ಜೆಟ್ಟಿಯಲ್ಲಿ ಊರಿಗಿಂತ ಎತ್ತರದ ಒಂದು ಪ್ರವಾಸಿ ಹಡಗು. ಅದರಿಂದ ಇಳಿದವರೆಲ್ಲ ಬಸ್ಸು ಹತ್ತಿ ಲಾಕ್ ನೆಸ್ ಕಡೆಗೆ ಹೊರಟುಬಿಟ್ಟಿದ್ದರು. ಊರಿನ ಗೋಡೆಗಳ ಮೇಲೆ ದೊಡ್ಡ ದೊಡ್ಡ ಚಿತ್ರ ಬರೆಸಿದ್ದಾರೆ, ಈ ಹೊತ್ತಿನಲ್ಲಿ ಅವನ್ನು ನೋಡುವವರು ನಾವಿಬ್ಬರೇ.

ಈ ಊರಿನ ಚರಿತ್ರೆಯೆಲ್ಲ ಯಾರೋ ಬಂದು ಕೆಲಸ ಕೊಟ್ಟದ್ದು, ಆಮೇಲೆ ಎದ್ದು ಹೋದದ್ದು. ಮೊದಲು ನೌಕಾಪಡೆ. 1931ರ ಸೆಪ್ಟೆಂಬರಿನಲ್ಲಿ ಸಂಬಳ ಕಡಿತದ ಸುದ್ದಿ ಕೇಳಿ ಅಟ್ಲಾಂಟಿಕ್ ಪಡೆಯ ನಾವಿಕರು ಹಡಗು ಹೊರಡಿಸಲು ಒಲ್ಲೆ ಎಂದದ್ದು ಇಲ್ಲೇ. ಕೆಲವೇ ದಿನಗಳಲ್ಲಿ ಬ್ರಿಟನ್ ಪೌಂಡಿಗೂ ಚಿನ್ನಕ್ಕೂ ಇದ್ದ ಗಂಟನ್ನು ಬಿಚ್ಚಬೇಕಾಯಿತು. ಯುದ್ಧಕ್ಕಾಗಿ ಊರಿನ ಹಿಂದಿನ ಗುಡ್ಡವನ್ನು ಕೊರೆದು ಎಣ್ಣೆಯ ತೊಟ್ಟಿಗಳನ್ನು ಮಾಡಿದ್ದರು. ಎಣ್ಣೆ ಹೋಗಿ ಖಾಲಿಯಾದ ಆ ಗುಹೆಯಲ್ಲಿ ಸದ್ದು ಮಾಡಿದರೆ ಅದರ ಅನುರಣನ ಒಂದು ಆವರ್ತನದಲ್ಲಿ 112 ಸೆಕೆಂಡು ಉಳಿಯುತ್ತದೆಂದು ಅಳೆದಿದ್ದಾರೆ. 2014ರಲ್ಲಿ ಅದು ಗಿನ್ನೆಸ್ ದಾಖಲೆಯೂ ಆಯಿತು. ಖಾಲಿತನಕ್ಕೂ ಒಂದು ದಾಖಲೆ ಸಿಕ್ಕಿತಲ್ಲ ಎಂದು ನಗು ಬಂತು.

1956ರಲ್ಲಿ ನೌಕಾನೆಲೆ ಮುಚ್ಚಿತು. ಕೆಲಸವಿಲ್ಲದ ಊರಿಗೆ ಬಂದದ್ದು ವಿಸ್ಕಿ ಕಾರ್ಖಾನೆ. ಇನ್ವರ್‌ಗಾರ್ಡನ್ ಡಿಸ್ಟಿಲರಿ 1961ರಲ್ಲಿ ಉತ್ಪಾದನೆ ಶುರುಮಾಡಿತು. ಇದು ಗ್ರೇನ್ ವಿಸ್ಕಿಯ ಕಾರ್ಖಾನೆ, ಅಂದರೆ ಮೆಕ್ಕೆಜೋಳ ಅಥವಾ ಗೋಧಿಯನ್ನು ಬೇಯಿಸಿ ಎತ್ತರದ ಸ್ತಂಭಗಳಲ್ಲಿ ಎಡೆಬಿಡದೆ ಭಟ್ಟಿ ಇಳಿಸುವ ಜಾಗ. ಕ್ಯಾಲೆಂಡರಿನ ಚಿತ್ರಗಳಲ್ಲಿ ಬರುವ, ಉದ್ದ ಕತ್ತಿನ ತಾಮ್ರದ ಹಂಡೆಗಳು ಮಾಲ್ಟ್ ವಿಸ್ಕಿಯವು. ಅಲ್ಲಿ ಒಂದೊಂದು ಹಂಡೆಯನ್ನೂ ತುಂಬಿ, ಕಾಯಿಸಿ, ಬರಿದುಮಾಡಿ ಮತ್ತೆ ತುಂಬಬೇಕು. ಎರಡನ್ನೂ ಬೆರೆಸಿದ್ದೇ ಅಂಗಡಿಯಲ್ಲಿ ಸಿಗುವ ಬ್ಲೆಂಡೆಡ್ ಸ್ಕಾಚ್. ಬೆರಕೆಗೆ ಬೇಕಾದ ಮಾಲ್ಟನ್ನು ಬೇರೆಯವರಿಂದ ಯಾಕೆ ಕೊಳ್ಳಬೇಕು, ಕಾಂಪೌಂಡಿನೊಳಗೇ ಒಂದು ಜೊತೆ ಹಂಡೆ ಕೂರಿಸಿದರಾಯಿತು ಎಂಬ ಲೆಕ್ಕಾಚಾರ ಆ ಕಾಲದಲ್ಲಿ ಹಲವರದ್ದಾಗಿತ್ತು. ಗ್ಲಾಸ್ಗೋದಲ್ಲಿ ಕಿನ್‌ಕ್ಲೇತ್, ಗರ್ವನ್‌ನಲ್ಲಿ ಲೇಡಿಬರ್ನ್, ಏರ್‌ಡ್ರಿಯಲ್ಲಿ ಗ್ಲೆನ್ ಫ್ಲಾಗ್ಲರ್ ಹೀಗೇ ಹುಟ್ಟಿದವು, ಯಾವುದೂ ಬಹುಕಾಲ ಬಾಳಲಿಲ್ಲ. ಲೇಡಿಬರ್ನ್‌ಗೆ ಸಿಕ್ಕದ್ದು 1966ರಿಂದ 1975ರವರೆಗಿನ ಆಯಸ್ಸು. ಕಿನ್‌ಕ್ಲೇತನ್ನು ಅದೇ 1975ರಲ್ಲಿ ಕಿತ್ತುಹಾಕಿದ್ದು ದೊಡ್ಡ ಕಾರ್ಖಾನೆಗೆ ಜಾಗ ಬೇಕು ಎಂಬ ಒಂದೇ ಕಾರಣಕ್ಕೆ. ಬೆನ್ ವಿವಿಸ್ ಇದೇ ಬಳಗದ್ದು. ಕೆಲಸ ಮಾಡುತ್ತಿದ್ದ ಅಷ್ಟೂ ವರ್ಷ ಅದರ ವಿಸ್ಕಿ ಬೆರಕೆಯಲ್ಲಿ ಕರಗಿಹೋಯಿತು. ಅದರ ಹೆಸರಿನ ಬಾಟಲಿಗಳನ್ನು ಜನ ನೋಡಿದ್ದು 2000ದ ಆಸುಪಾಸಿನಲ್ಲಿ, ಉಗ್ರಾಣದಲ್ಲಿ ಉಳಿದಿದ್ದ ಕೆಲವು ಪೀಪಾಯಿಗಳನ್ನು ತೆರೆದಾಗ.

ಬೇಲಿಯ ಒಳಗೆ ಕಂಡದ್ದು ಉಕ್ಕಿನ ಗೋಪುರ, ಹಬೆ, ಲಾರಿ, ಸಾಲು ಸಾಲು ಉಗ್ರಾಣ. ಬೇಯುವ ಕಾಳಿನ ಗಾಢವಾದ ವಾಸನೆ ರಸ್ತೆಯವರೆಗೂ ಬರುತ್ತಿತ್ತು. ನನ್ನ ಗಮನ ಹೋದದ್ದು ಉಗ್ರಾಣದ ಗೋಡೆಗಳ ಮೇಲೆ. ಮಸಿ ಬಳಿದ ಹಾಗೆ ಕಪ್ಪು. ಹತ್ತಿರದ ಮರದ ಕಾಂಡವೂ ಕಪ್ಪು, ಬೇಲಿಯ ಕಂಬವೂ ಕಪ್ಪು. ಬೆರಳಿನಿಂದ ಉಜ್ಜಿದರೆ ವೆಲ್ವೆಟ್ಟಿನಂಥ ಪುಡಿ ಅಂಟಿಕೊಂಡಿತು. ಇದು ಬೌಡೋಯಿನಿಯಾ ಎಂಬ ಶಿಲೀಂಧ್ರ. ಪೀಪಾಯಿಯ ಮರದಿಂದ ಜಿನುಗಿ ಗಾಳಿಗೆ ಸೇರುವ ಆಲ್ಕೋಹಾಲಿನ ಆವಿ ಇದ್ದಲ್ಲಿ ಸೊಂಪಾಗಿ ಬೆಳೆಯುತ್ತದೆ. ಸ್ಕಾಟ್ಲೆಂಡಿನ ತಂಪಿಗೆ ವರ್ಷಕ್ಕೆ ನೂರರಲ್ಲಿ ಎರಡು ಪಾಲು ಹೀಗೆ ಹಾರಿಹೋಗುತ್ತದೆ, ಬೆಂಗಳೂರಿನ ಬಿಸಿಲಿಗೆ ಹತ್ತು ಹನ್ನೆರಡು ಪಾಲು. ಇಲ್ಲಿ ಮೂವತ್ತು ವರ್ಷ ಇಟ್ಟರೂ ಪೀಪಾಯಿಯಲ್ಲಿ ಒಂದಿಷ್ಟು ಉಳಿದೀತು. ನಮ್ಮಲ್ಲಿ ಅಷ್ಟು ವರ್ಷ ಇಟ್ಟರೆ ತಳ ಕಾಣುತ್ತದೆ. ಆ ಕಪ್ಪು ಪುಡಿಯನ್ನು ಕರವಸ್ತ್ರಕ್ಕೆ ಒರೆಸಿಕೊಂಡೆ. ತಂಗಿಯ ಮಗ ಅದನ್ನು ನೋಡಿ ಏನೂ ಮಾತಾಡದೆ ಕಾರಿನಿಂದ ಸ್ಯಾನಿಟೈಸರ್ ತಂದುಕೊಟ್ಟ.

ದಂಡೆಯ ಬೆಂಚಿನ ಮೇಲೆ ಕೂತಿದ್ದ ಮುದುಕರೊಬ್ಬರನ್ನು ಮಾತಾಡಿಸಿದೆ. ನಾಯಿಯ ಹಗ್ಗವನ್ನು ಕಾಲಿಗೆ ಸುತ್ತಿಕೊಂಡು ಆಲೂಗಡ್ಡೆ ಚಿಪ್ಸ್ ತಿನ್ನುತ್ತಿದ್ದರು. ಬೆನ್ ವಿವಿಸ್ ಡಿಸ್ಟಿಲರಿ ನೆನಪಿದೆಯೇ ಎಂದರೆ, "ಬೆಟ್ಟವಾ?" ಎಂದು ಕೇಳಿದರು. ಕಾರ್ಖಾನೆಯೊಳಗೆ ಇತ್ತಂತಲ್ಲ ಎಂದೆ. "ಇತ್ತು ಅನ್ನಿಸುತ್ತೆ, ಅದರಿಂದ ಯಾರ ಕೆಲಸವೂ ಹೋದ ನೆನಪಿಲ್ಲ." ಆಮೇಲೆ ತಾವಾಗಿಯೇ ಅಲ್ಯೂಮಿನಿಯಂ ಕಾರ್ಖಾನೆಯ ಮಾತೆತ್ತಿದರು. 1971ರಲ್ಲಿ ಬಂತು, ದೂರ ದೂರದಿಂದ ಜನ ಸಂಸಾರ ಕಟ್ಟಿಕೊಂಡು ಬಂದರು, ಹೊಸ ಮನೆಗಳೆದ್ದವು. ವಿದ್ಯುತ್ತಿನ ದರದ ಜಗಳದಲ್ಲಿ 1981ರ ಡಿಸೆಂಬರಿನಲ್ಲಿ ಮುಚ್ಚಿತು. ಸುಮಾರು 900 ಜನರ ಕೆಲಸ ಕ್ರಿಸ್‌ಮಸ್ ಹೊತ್ತಿಗೆ ಹೋಯಿತು. ಅವರು ಅಲ್ಲಿ ಕುಲುಮೆಯ ಕೆಲಸದಲ್ಲಿದ್ದವರು. ಮಾತಾಡುತ್ತಾ ಚಿಪ್ಸಿನ ಪೊಟ್ಟಣವನ್ನು ನನ್ನ ಕಡೆಗೆ ಹಿಡಿದರು. ವಿನೆಗರ್ ಜಾಸ್ತಿಯಾಗಿತ್ತು, ಆದರೂ ಬಿಸಿಯಾಗಿತ್ತು.

ಅಲ್ಲಿಂದಲೇ ನನ್ನನ್ನು ಕೊರೆಯಲು ಶುರುವಾದದ್ದು ಇದು. ಬೆನ್ ವಿವಿಸ್‌ಗಾಗಿ ಮರುಗುವವರು ಅದು ಇದ್ದ ಊರಿನವರಲ್ಲ. ಹಾಂಗ್‌ಕಾಂಗಿನಲ್ಲೋ ಲಂಡನ್ನಿನಲ್ಲೋ ಹರಾಜಿನಲ್ಲಿ ಬಾಟಲಿಗೆ ಸಾವಿರಾರು ಪೌಂಡು ಕೂಗುವವರಿಗೆ ಅದು ನಷ್ಟ. ಅಲ್ಯೂಮಿನಿಯಂ ಕಾರ್ಖಾನೆಯನ್ನು ಹರಾಜಿನಲ್ಲಿ ಕೂಗುವವರಿಲ್ಲ. ಸತ್ತ ಡಿಸ್ಟಿಲರಿಯ ಹೆಸರಿಗೆ ಈಗ ಎಷ್ಟು ಬೆಲೆಯೆಂದರೆ, ಮಾರಾಟವಾಗದ ವಿಸ್ಕಿ ರಾಶಿಬಿದ್ದಿದೆಯೆಂದು 1983ರಲ್ಲಿ ಮುಚ್ಚಿದ್ದ ಬ್ರೋರಾ ಮತ್ತು ಪೋರ್ಟ್ ಎಲ್ಲೆನ್‌ಗಳನ್ನು 3.5 ಕೋಟಿ ಪೌಂಡ್ ಹಾಕಿ ಎಬ್ಬಿಸುವುದಾಗಿ ಡಿಯಾಜಿಯೋ ಕಂಪನಿ 2017ರಲ್ಲಿ ಸಾರಿತು, ಎಬ್ಬಿಸಿಯೂ ಬಿಟ್ಟಿತು. ಬೆನ್ ವಿವಿಸ್‌ಗೆ ಆ ಯೋಗವಿಲ್ಲ. ಅದಕ್ಕೆ ಸುಣ್ಣ ಬಳಿದ ಗೋಡೆಯಿರಲಿಲ್ಲ, ಕಡಲಿಗೆ ಮುಖ ಮಾಡಿದ ಹೆಸರಿನ ಫಲಕವಿರಲಿಲ್ಲ, ಫೋಟೋ ತೆಗೆಯಲು ಒಂದು ಚಿಮಣಿಯೂ ಇರಲಿಲ್ಲ.

ನಡುವೆ ಕೆಲವು ವರ್ಷ ಈ ಬೇಲಿಯ ಒಳಗಿನ ನೆಲ ನಮ್ಮವರದ್ದೇ ಆಗಿತ್ತು ಎಂಬುದು ವಿಚಿತ್ರ. ಇನ್ವರ್‌ಗಾರ್ಡನ್‌ನ ಒಡೆತನ ಹೊಂದಿದ್ದ ವೈಟ್ ಅಂಡ್ ಮ್ಯಾಕೇ ಕಂಪನಿಯನ್ನು ವಿಜಯ್ ಮಲ್ಯರ ಯುಬಿ ಗುಂಪು 2007ರಲ್ಲಿ 59.5 ಕೋಟಿ ಪೌಂಡಿಗೆ ಕೊಂಡಿತ್ತು. ಆಗ ಬೆಂಗಳೂರಿನ ಪತ್ರಿಕೆಗಳಲ್ಲಿ ಬಂದ ಫೋಟೋ ನನಗೂ ನೆನಪಿದೆ. ಯುಬಿ ಗುಂಪಿನ ಯುನೈಟೆಡ್ ಸ್ಪಿರಿಟ್ಸ್ ಡಿಯಾಜಿಯೋ ಕೈಗೆ ಹೋದಮೇಲೆ ಬ್ರಿಟನ್ನಿನ ಸ್ಪರ್ಧಾ ನಿಯಂತ್ರಕರು ತಕರಾರು ತೆಗೆದರು. 2014ರಲ್ಲಿ ವೈಟ್ ಅಂಡ್ ಮ್ಯಾಕೇ ಫಿಲಿಪೀನ್ಸಿನ ಎಂಪೆರಡಾರ್ ಕಂಪನಿಯ ಪಾಲಾಯಿತು, 43 ಕೋಟಿ ಪೌಂಡಿಗೆ. ಯುಬಿ ಬರುವಷ್ಟರಲ್ಲಿ ಬೆನ್ ವಿವಿಸ್‌ನ ತಾಮ್ರದ ಹಂಡೆಗಳು ಆ ಕಾಂಪೌಂಡ್ ಬಿಟ್ಟು ಹೊರಟುಹೋಗಿದ್ದವು. ಎಲ್ಲಿಗೆ ಎಂಬುದನ್ನು ಮೂಳೆವೈದ್ಯರೇ ಹೇಳಿದ್ದರು. ಕ್ಯಾಂಪ್‌ಬೆಲ್‌ಟೌನ್‌ಗೆ, ದೇಶದ ಇನ್ನೊಂದು ತುದಿಗೆ.

ವಾಪಸು ಬರುವಾಗ ಡಿಂಗ್‌ವಾಲ್‌ನಲ್ಲಿ ಇಳಿದು ಟೀ ಕುಡಿದೆವು. ಊರಿನ ಮೇಲಿನ ಗುಡ್ಡದಲ್ಲಿ ಗ್ಲೆನ್‌ವಿವಿಸ್ ಎಂಬ ಹೊಸ ಡಿಸ್ಟಿಲರಿ ಇದೆ. ಮೂರು ಸಾವಿರಕ್ಕೂ ಮಿಕ್ಕಿದ ಜನ ಸಣ್ಣ ಸಣ್ಣ ಪಾಲು ಹಾಕಿ ಕಟ್ಟಿದ್ದು; 2018ರ ಜನವರಿಯಲ್ಲಿ ಮೊದಲ ಸಲ ಭಟ್ಟಿ ಇಳಿಸಿತು. ಹೆಸರು ಮೂರನೆಯ ಸಲ ಹುಟ್ಟಿದೆ ಎನ್ನಬಹುದೇನೋ.

ಕ್ಯಾಂಪ್‌ಬೆಲ್‌ಟೌನ್‌ಗೆ ಒಬ್ಬಳೇ ಹೋದೆ. ಗ್ಲಾಸ್ಗೋದಲ್ಲಿ ಬಸ್ಸು ಬದಲಿಸುವಾಗ ಒಂದು ಸಂಗತಿ ನೆನಪಾಯಿತು. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ತನ್ನ ಸಿಂಗಲ್ ಮಾಲ್ಟನ್ನು 2004ರ ಆಗಸ್ಟಿನಲ್ಲಿ ಬಿಡುಗಡೆ ಮಾಡಿದ್ದು ಇದೇ ಊರಿನ ಒಂದು ಭಾರತೀಯ ರೆಸ್ಟೋರೆಂಟಿನಲ್ಲಿ. ಸ್ಕಾಚಿನ ತವರಿಗೆ ಬಂದು ವಿಸ್ಕಿ ಮಾರುವ ಎದೆಗಾರಿಕೆಗೆ ಆಗ ನಕ್ಕವರು ಎಷ್ಟು ಜನವೋ. ಅದೇ ವರ್ಷದ ಮಾರ್ಚಿನಲ್ಲಿ, ನಾನು ಹೊರಟಿದ್ದ ಊರಲ್ಲಿ ಬೆನ್ ವಿವಿಸ್‌ನ ಹಂಡೆಗಳು ಇಪ್ಪತ್ತೇಳು ವರ್ಷಗಳ ಮೇಲೆ ಮತ್ತೆ ಕಾದಿದ್ದವು.

ಬಸ್ಸು ಲಾಕ್ ಲೋಮಂಡ್ ಸರೋವರದ ಅಂಚು ಹಿಡಿದು, ಬೆಟ್ಟ ಜರಿಯುವ 'ರೆಸ್ಟ್ ಅಂಡ್ ಬಿ ಥ್ಯಾಂಕ್‌ಫುಲ್' ಘಾಟಿ ಹತ್ತಿ ಇಳಿದು, ಕೊನೆಗೆ ಕಿನ್‌ಟೈರ್ ಪರ್ಯಾಯದ್ವೀಪದ ಪಡುವಣ ಕರಾವಳಿಗೆ ಬಂತು. ಬಲಗಡೆ ಕಡಲು, ಅದರಾಚೆ ಜ್ಯೂರಾ, ಐಲಾ ದ್ವೀಪಗಳ ನೀಲಿ. ಡಬ್ಬಿಯಲ್ಲಿ ಪುಳಿಯೋಗರೆ ಇತ್ತು. ಪಕ್ಕದ ಸೀಟಿನ ಹೆಂಗಸು ವಾಸನೆಗೆ ತಿರುಗಿ ನೋಡಿ, ಏನೂ ಕೇಳದೆ ತನ್ನ ಚೀಲದಿಂದ ಓಟ್ಸ್ ಬಿಸ್ಕತ್ತು ತೆಗೆದು ಕೊಟ್ಟಳು. ನಾನು ಎರಡು ಚಮಚ ಪುಳಿಯೋಗರೆ ಕೊಟ್ಟೆ. ಆಕೆ ಕಡಲೆಬೀಜವನ್ನೆಲ್ಲ ಆರಿಸಿ ತಿಂದು, ಉಳಿದದ್ದನ್ನು ಮರ್ಯಾದೆಯಿಂದ ಟಿಶ್ಯೂ ಕಾಗದದಲ್ಲಿ ಕಟ್ಟಿಟ್ಟುಕೊಂಡಳು.

ಕ್ಯಾಂಪ್‌ಬೆಲ್‌ಟೌನ್ ಒಂದು ಕಾಲದ ಸಿರಿವಂತ ಊರು. ಆಲ್‌ಫ್ರೆಡ್ ಬರ್ನಾರ್ಡ್ ಎಂಬ ಪತ್ರಕರ್ತ ಬ್ರಿಟನ್ ಮತ್ತು ಐರ್ಲೆಂಡಿನ ಡಿಸ್ಟಿಲರಿಗಳನ್ನೆಲ್ಲ ಸುತ್ತಿ 1887ರಲ್ಲಿ ಪುಸ್ತಕ ತಂದಾಗ, ಈ ಒಂದೇ ಊರಲ್ಲಿ 21 ಕೆಲಸ ಮಾಡುತ್ತಿದ್ದವು. ಅಮೆರಿಕದ ಪಾನನಿಷೇಧ, 1923ರಲ್ಲಿ ಮುಚ್ಚಿದ ಹತ್ತಿರದ ಕಲ್ಲಿದ್ದಲು ಗಣಿ, ಆತುರಕ್ಕೆ ಬಿದ್ದು ಕೆಡಿಸಿಕೊಂಡ ಗುಣಮಟ್ಟ ಎಲ್ಲ ಸೇರಿ 1930ರ ದಶಕದ ನಡುವಿನ ಹೊತ್ತಿಗೆ ಎರಡೇ ಉಳಿದವು, ಸ್ಪ್ರಿಂಗ್‌ಬ್ಯಾಂಕ್ ಮತ್ತು ಗ್ಲೆನ್ ಸ್ಕೋಷಿಯಾ. ಹೋದವುಗಳಲ್ಲಿ ಹೇಝಲ್‌ಬರ್ನ್ ಒಂದು. 1920ರಲ್ಲಿ ಅಲ್ಲಿಗೆ ಮಸತಾಕ ತಕೆತ್ಸುರು ಎಂಬ ಜಪಾನಿ ಯುವಕ ಕಲಿಯಲು ಬಂದ. ಗ್ಲಾಸ್ಗೋದಲ್ಲಿ ರಸಾಯನಶಾಸ್ತ್ರ ಓದುತ್ತಿದ್ದವನು, ಸ್ಕಾಟಿಷ್ ಹುಡುಗಿ ರೀಟಾ ಕೋವನ್‌ಳನ್ನು ಆಗಷ್ಟೇ ಮದುವೆಯಾಗಿದ್ದ. ನೋಡಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ, ಚಿತ್ರ ಬಿಡಿಸಿಕೊಂಡ. ಊರಿಗೆ ಮರಳಿ ಯಮಝಾಕಿ ಡಿಸ್ಟಿಲರಿ ಕಟ್ಟಲು ನೆರವಾದ, 1934ರಲ್ಲಿ ಯೋಯಿಚಿಯಲ್ಲಿ ತನ್ನದೇ ಡಿಸ್ಟಿಲರಿ ಶುರುಮಾಡಿದ. ಹೇಝಲ್‌ಬರ್ನ್ 1925ರಲ್ಲಿ ಮುಚ್ಚಿತು. ಜಪಾನಿನ ವಿಸ್ಕಿಗೆ ಈಗ ಜಗತ್ತಿನೆಲ್ಲೆಡೆ ಹೆಸರಿದೆ. ರೆಕಾರ್ಡ್ ಬುಕ್ಕನ್ನು ಕಾಟಾಚಾರಕ್ಕೆ ಬರೆಯುತ್ತಿದ್ದ ನನ್ನ ವಿದ್ಯಾರ್ಥಿಗಳಿಗೆ ಈ ಕಥೆ ಹೇಳಲು ಆಗಲಿಲ್ಲವಲ್ಲ ಎಂದು ಹೊಟ್ಟೆಯುರಿಯಿತು.

ಅದೇ 1925ರಲ್ಲಿ ಮುಚ್ಚಿದ ಇನ್ನೊಂದು ಗ್ಲೆನ್‌ಗೈಲ್. 1872ರಲ್ಲಿ ವಿಲಿಯಂ ಮಿಚೆಲ್ ಕಟ್ಟಿಸಿದ್ದು. ಸೋದರರೊಂದಿಗೆ ಜಗಳವಾಗಿ ಸ್ಪ್ರಿಂಗ್‌ಬ್ಯಾಂಕ್‌ನಿಂದ ಹೊರಬಂದು ಪಕ್ಕದಲ್ಲೇ ಕಟ್ಟಿದನೆಂದು ಹೇಳುತ್ತಾರೆ. ಮುಚ್ಚಿದ ಮೇಲೆ ಆ ಕಟ್ಟಡದಲ್ಲಿ ಬಂದೂಕು ಅಭ್ಯಾಸದ ಕ್ಲಬ್ ಇತ್ತು, ರೈತರ ಸಹಕಾರ ಸಂಘದ ಮಳಿಗೆಯಿತ್ತು. ನಾನು ಉಳಿದ ಮನೆಯ ಒಡತಿ ಬೆಳಿಗ್ಗೆ ಉಪ್ಪು ಹಾಕಿದ ಓಟ್ಸ್ ಗಂಜಿ ಬಡಿಸುತ್ತಾ, "ನಮ್ಮಪ್ಪ ಕೋಳಿ ಆಹಾರ ತರುತ್ತಿದ್ದದ್ದು ಅಲ್ಲಿಂದಲೇ" ಅಂದಳು. ಯಾರಾದರೂ ಬಳಸುತ್ತಿದ್ದರಿಂದ ಸೂರು ಬೀಳಲಿಲ್ಲ. 2000ದಲ್ಲಿ ಆ ಕಟ್ಟಡವನ್ನು ಕೊಂಡವರು ಸ್ಪ್ರಿಂಗ್‌ಬ್ಯಾಂಕ್‌ನ ಆಗಿನ ಒಡೆಯ ಹೆಡ್ಲಿ ರೈಟ್, ಅದೇ ಮಿಚೆಲ್ ಮನೆತನದ ಕುಡಿ. ಕಟ್ಟಡವಿತ್ತು, ಹಂಡೆಗಳಿರಲಿಲ್ಲ. ಹೊಸದನ್ನು ಮಾಡಿಸುವ ಬದಲು ಬೆನ್ ವಿವಿಸ್‌ನ ಜೊತೆಯನ್ನು ತಂದರು. ಆ ಕೆಲಸ ವಹಿಸಿಕೊಂಡ ಫ್ರ್ಯಾಂಕ್ ಮ್ಯಾಕ್‌ಹಾರ್ಡಿ 1960ರ ದಶಕದಲ್ಲಿ ವೃತ್ತಿ ಆರಂಭಿಸಿದ್ದೂ ಇನ್ವರ್‌ಗಾರ್ಡನ್‌ನಲ್ಲೇ.

ಸ್ಪ್ರಿಂಗ್‌ಬ್ಯಾಂಕ್‌ನ ಯುವಕನೊಬ್ಬ ನಮ್ಮ ಸಣ್ಣ ಗುಂಪನ್ನು ಕರೆದುಕೊಂಡು ಹೋದ. ಮೊದಲು ಮಾಲ್ಟ್ ಮಹಡಿ. ನೆನೆಸಿದ ಬಾರ್ಲಿಯನ್ನು ಇಡೀ ನೆಲದ ಮೇಲೆ ಗೇಣುದ್ದ ದಪ್ಪಕ್ಕೆ ಹರಡಿದ್ದರು. ಮೊಳಕೆಯ ಬಿಸಿಗೆ ಬೇರು ಹೆಣೆದುಕೊಳ್ಳದಂತೆ ಹಗಲೂ ರಾತ್ರಿ ಸಲಿಕೆಯಿಂದ ಮಗುಚುತ್ತಿರಬೇಕು. ಒಂದು ಕಾಳು ತೆಗೆದು ಉಗುರಿನಿಂದ ಹಿಸುಕಿದೆ, ಒಳಗಿನ ಹಿಟ್ಟು ಸೀಮೆಸುಣ್ಣದ ಹಾಗೆ ಬೆರಳಿಗೆ ಹತ್ತಿತು. ನಮ್ಮಮ್ಮ ರಾಗಿಯನ್ನು ಪಂಚೆಯಲ್ಲಿ ಕಟ್ಟಿ ಮೊಳಕೆ ಬರಿಸಿ ಮಗುವಿಗೆ ಹುರಿಹಿಟ್ಟು ಮಾಡುತ್ತಿದ್ದದ್ದೂ ಇದೇ ರಸಾಯನಶಾಸ್ತ್ರ. ಪಿಷ್ಟವನ್ನು ಒಡೆಯುವ ಕಿಣ್ವ ಎಚ್ಚರಗೊಳ್ಳುವುದು ಮೊಳಕೆಯಲ್ಲಿ.

ಆಮೇಲೆ ಗ್ಲೆನ್‌ಗೈಲ್. ಅದು ವರ್ಷದಲ್ಲಿ ಕೆಲವೇ ತಿಂಗಳು ನಡೆಯುತ್ತದೆ, ಸ್ಪ್ರಿಂಗ್‌ಬ್ಯಾಂಕ್‌ನ ಆಳುಗಳೇ ಬಂದು ನಡೆಸುತ್ತಾರೆ. ನಾವು ಹೋದಾಗ ಒಲೆ ಆರಿತ್ತು. ಹಾಗಾಗಿ ಹಂಡೆಯನ್ನು ಮುಟ್ಟಲು ಸಾಧ್ಯವಾಯಿತು. ತಣ್ಣಗಿತ್ತು. ನನ್ನ ಎತ್ತರಕ್ಕೆ ಎರಡರಷ್ಟಿದ್ದ ಆ ತಾಮ್ರದ ಮೈಯಲ್ಲಿ ಅಲ್ಲಲ್ಲಿ ಸುತ್ತಿಗೆಯ ಏಟಿನ ತಗ್ಗುಗಳು. ಇಲ್ಲಿಗೆ ತಂದಾಗ ಅದರ ಭುಜದ ಭಾಗವನ್ನು ತಿದ್ದಿ ದುಂಡಗೆ ಮಾಡಿದರು, ಆವಿ ಹೊರಗೆ ಹೋಗುವ ಕೊಳವೆಯನ್ನು ತುಸು ಮೇಲ್ಮುಖವಾಗಿ ಕೂರಿಸಿದರು ಎಂದು ಯುವಕ ವಿವರಿಸಿದ. ನನಗೆ ಅರ್ಥವಾಯಿತು. ಕೊಳವೆ ಮೇಲ್ಮುಖವಾದರೆ ಭಾರದ ಆವಿ ತಣಿದು ಹಂಡೆಗೇ ಮರಳುತ್ತದೆ, ಹಗುರವಾದದ್ದು ಮಾತ್ರ ದಾಟುತ್ತದೆ. ಅಂದರೆ ಇದೇ ಹಂಡೆಯಲ್ಲಿ ಹಳೆಯ ವಿಸ್ಕಿ ಮತ್ತೆ ಬರುವುದಿಲ್ಲ. ನೀರು ಬೇರೆ, ಮಾಲ್ಟ್ ಬೇರೆ, ಆಕಾರವೂ ಬೇರೆ. ಹೆಸರು ಕೂಡ ಬೇರೆ: ಗ್ಲೆನ್‌ಗೈಲ್ ಎಂಬ ಹೆಸರು ಇನ್ನೊಂದು ಕಂಪನಿಯದ್ದಾಗಿದ್ದರಿಂದ ಇಲ್ಲಿನ ವಿಸ್ಕಿಯನ್ನು ಕಿಲ್‌ಕೆರನ್ ಎಂದು ಮಾರುತ್ತಾರೆ. ಬೆನ್ ವಿವಿಸ್ ಎಂದು ಎಲ್ಲಿಯೂ ಬರೆದಿರಲಿಲ್ಲ.

ಕೊನೆಗೆ ಎಲ್ಲರಿಗೂ ಹನ್ನೆರಡು ವರ್ಷದ ಕಿಲ್‌ಕೆರನ್ ಕೊಟ್ಟರು. ನಾನು ಬೆರಳ ತುದಿಯಲ್ಲಿ ಒಂದು ಹನಿ ನಾಲಿಗೆಗೆ ಇಟ್ಟುಕೊಂಡೆ. ಮೊದಲು ಉರಿ, ಆಮೇಲೆ ನಿಂಬೆ ಸಿಪ್ಪೆ, ಆಮೇಲೆ ಒಂದಿಷ್ಟು ಹೊಗೆ. ಉಳಿದದ್ದನ್ನು ಪಕ್ಕದ ಜರ್ಮನ್ ದಂಪತಿಗಳಿಗೆ ದಾಟಿಸಿದೆ. ಅವರು ಹಂಡೆಯ ಮುಂದೆ ಫೋಟೋ ತೆಗೆಸಿಕೊಂಡು, ಬೆನ್ ವಿವಿಸ್‌ನ ಒಂದು ಬಾಟಲಿ ತಮ್ಮ ಊರಿನ ಅಂಗಡಿಯ ಕಪಾಟಿನಲ್ಲಿ ಬೀಗ ಹಾಕಿ ಇದೆ, ಅದನ್ನು ನೋಡುವುದಕ್ಕೇ ಹೋಗುತ್ತೇವೆ ಎಂದರು.

ಗುಂಪು ಚದುರಿದ ಮೇಲೆ ಯುವಕನನ್ನು ಕೇಳಿದೆ. "ಆವಿ ತಾಕಿ ತಾಕಿ ತಾಮ್ರ ಸವೆಯುತ್ತದಲ್ಲ, ಇವು ಇನ್ನೆಷ್ಟು ವರ್ಷ ಬಾಳಬಹುದು?"

"ಸವೆದ ಭಾಗವನ್ನು ಕತ್ತರಿಸಿ ಹೊಸ ತಗಡು ಹಾಕಿಸುತ್ತಾ ಹೋಗುತ್ತಾರೆ, ಮೇಡಂ. ಒಂದು ದಿನ ಪೂರ್ತಿ ಹೊಸದೇ ಆಗಿರುತ್ತದೆ."

"ಆಗ ಹಳೆಯ ಬೆನ್ ವಿವಿಸ್?"

"ಗುಜರಿಗೆ," ಅಂದ ಅವನು, ಬಾಗಿಲ ಚಿಲಕ ಹಾಕುತ್ತಾ. "ತಾಮ್ರಕ್ಕೆ ಈಗ ಒಳ್ಳೆ ರೇಟಿದೆ."